ಮೂರನೆಯ ಕೂಗು

ಸಂಜೆ ಪಲ್ಯ ಸೋಸಲು ಹೊಸ್ತಿಲ ಒಳಗೆ ಹಾಸುವ ಗೋಣಿತಟ್ಟು ಮೂವರು ಕೂಡುವಷ್ಟು ಅಗಲವಿದೆ. ಆದರೂ ನಿಮ್ಮ ಅಜ್ಜ ತೀರಿಕೊಂಡಂದಿನಿಂದ ನಾನು ಅದನ್ನು ಮಡಚಿಯೇ ಹಾಸುತ್ತಿದ್ದೆ. ಒಂದು ಮಗ್ಗುಲಿಗೆ ನಾನು, ಇನ್ನೊಂದಕ್ಕೆ ನಿಮ್ಮೆಲ್ಲರಿಗಿಂತ ಕಿರಿಯಳಾದ ಸಾಕ್ಷಿ, ಮಡಿಲಲ್ಲಿ ಮೆಂತ್ಯದ ಸೂಡು. ಕುಡಚಿ ಕಡೆಯ ರೈಲಿನ ಸದ್ದು ಹೊಳೆ ದಾಟಿ ಬಂದು, ಎದುರಿನ ಕಬ್ಬಿನ ಗದ್ದೆಯೊಳಗೆ ಇಳಿದು ಇಲ್ಲವಾಗುವ ಹೊತ್ತು ಅದು.

ಮೊಮ್ಮಕ್ಕಳೇ, ಆ ಹೊತ್ತಿಗೆ ನಮ್ಮ ಮನೆಯಲ್ಲಿ ಒಂದು ರೀತಿಯುಂಟು, ನಿಮಗೂ ಗೊತ್ತು. ದೀಪ ಹಚ್ಚಿದ ಮೇಲೆ ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಮೂರನೆಯ ಕೂಗಿನವರೆಗೆ ಓ ಅನ್ನಬಾರದು. ಮನುಷ್ಯನಾದವನು ಮೂರನೆಯ ಸಲವೂ ಕರೆಯುತ್ತಾನೆ, ಬೇರೆಯದಕ್ಕೆ ಅಷ್ಟು ತಾಳ್ಮೆ ಇರುವುದಿಲ್ಲ. ನನಗೆ ಇದನ್ನು ಕಲಿಸಿದವರು ನನ್ನ ಅತ್ತೆ. ಸಾಕ್ಷಿಗೆ ಕಲಿಸಿದವಳು ನಾನು. ಅದು ಕತ್ತಲಾದ ಮೇಲಿನ ಮಾತು ಎಂದು ಬಿಡಿಸಿ ಹೇಳುವುದು ಮರೆತಿತ್ತು.

ಅವಳನ್ನು ಒಂದನೆಯ ಇಯತ್ತೆಗೆ ಹಾಕಿದ ವಾರವೇ ಶಾಲೆಯ ಅಕ್ಕೋರು ಮನೆಗೆ ಬಂದರು. ಹೊಸಬರು, ಮೆಲುದನಿಯವರು. "ಆಯೀ, ಹುಡುಗಿಗೆ ಕಿವಿ ಛಲೋ ಕೇಳ್ತಾವೇನ್ರಿ? ದಿನಾ ಮುಂದ ಕುಂತಿರ್ತಾಳ, ಹಾಜರಿ ಕರದ್ರ ತುಟಿ ಬಿಚ್ಚಂಗಿಲ್ರಿ."

ನಾನು ಬಾಯಿ ತೆರೆಯುವ ಮೊದಲೇ ಕಂಬದ ಹಿಂದಿನಿಂದ ಸಾಕ್ಷಿ ಹೇಳಿದಳು: "ಅಕ್ಕೋರ ಎರಡ ಸಲ ಕರೀತಾರ, ಆಯಿ. ಮೂರನೇದ್ದು ಕರ್ಯಾಂಗೇ ಇಲ್ಲ. ಖರೇ ಮನಶ್ಯಾರು ಹೌದೋ ಅಲ್ಲೋ ನನಗೇನ್ ಗೊತ್ತ?"

"ಅಯ್ಯ ಇಕೀನ! ನಾ ಅಥಣಿಯಾಕಿ ಬೇ, ದೆವ್ವ ಅಲ್ಲ!" ಎಂದು ಅಕ್ಕೋರು ನಕ್ಕರು. ಆದರೆ ಹೊರಡುವಾಗ ಕಬ್ಬಿನ ಕಡೆ ಒಮ್ಮೆ ನೋಡಿ, ಸೆರಗು ಹೊದ್ದುಕೊಂಡು ಬೇಗ ಬೇಗ ಹೆಜ್ಜೆ ಹಾಕಿದರು.

ಆಮೇಲಿನ ದಿನಗಳಲ್ಲಿ ಸಾಕ್ಷಿ ಕಲಿತದ್ದನ್ನು ನೋಡಿ ನನಗೆ ಬೆರಗಾಯಿತು. ಅಕ್ಷರವೇನೂ ಹೆಚ್ಚು ಬರಲಿಲ್ಲ. ಕಿರುಬೆರಳು ಎತ್ತಿ ಹೊರಗೆ ಹೋಗಲು ಕೇಳುವುದು ಬಂತು, ಪಕ್ಕದವಳ ಕಣ್ಣಿಗೆ ಬೀಳದಂತೆ ಪೆನ್ಸಿಲ್ಲನ್ನು ಮುಷ್ಟಿಯಲ್ಲಿ ಮುಚ್ಚುವುದು ಬಂತು. ತಡವಾಗಿ ಬಂದ ಮಗು ಬಾಗಿಲಲ್ಲಿ ನಿಂತಾಗ "ಸರೀರಿ, ಜಾಗಾ ಬಿಡ್ರಿ" ಎಂದು ಅಕ್ಕೋರು ಹೇಳಿದರೆ, ಸಾಲು ಕೆಡದಂತೆ ಸರಿದು ಕೂಡುವುದನ್ನೂ ಕಲಿತಳು. ಎಲ್ಲಕ್ಕಿಂತ ಮೇಲಾಗಿ, ಕರೆದ ತಕ್ಷಣ "ಹಾಜರ್ರೀ" ಅನ್ನುವುದು. ನಾನು ಇಷ್ಟು ವರ್ಷ ಕಾಯ್ದ ರೀತಿಯನ್ನು ಶಾಲೆ ಒಂದು ವಾರದಲ್ಲಿ ಒರೆಸಿ ಹಾಕಿತ್ತು. ಮನೆಗೆ ಬಂದರೆ ಎಮ್ಮೆಗೂ ಹಾಜರಿ, ಹಂಡೆಗೂ ಹಾಜರಿ. ಅವುಗಳ ಪರವಾಗಿ ಓಗೊಡುವವಳೂ ಅವಳೇ.

ಶುಕ್ರವಾರ ಸಂಜೆ ಮೆಂತ್ಯ ಸೋಸುತ್ತಿದ್ದವಳು ಇದ್ದಕ್ಕಿದ್ದಂತೆ ಕತ್ತೆತ್ತಿ, ಕಬ್ಬಿನ ಕಡೆ ತಿರುಗಿ "ಹಾಜರ್ರೀ!" ಅಂದಳು. ನನಗೆ ಏನೂ ಕೇಳಿರಲಿಲ್ಲ. ಗಾಳಿಯೂ ಇರಲಿಲ್ಲ.

"ಯಾರ್ ಕರದ್ರ ಬೇ?"

"ಅಜ್ಜ. ಮೊದಲ ನನ್ನ ಕರದ್ರು. ಆಮ್ಯಾಲ ಶೇವಂತಿ ಅಂದ್ರು. ಆಯಿ, ಶೇವಂತಿ ಅಂದ್ರ ಯಾರ?"

ನಮ್ಮ ಕಡೆ ಮದುವೆಯಲ್ಲಿ ತಾಟಿನಲ್ಲಿ ಅಕ್ಕಿ ಹರವಿ, ಅದರ ಮೇಲೆ ಉಂಗುರದಿಂದ ಸೊಸೆಗೆ ಹೊಸ ಹೆಸರು ಬರೆಯುತ್ತಾರೆ. ಅಂದು ನಾನು ಗಂಗವ್ವ ಆದೆ. ತವರಿನ ಶೇವಂತಿ ಆ ಅಕ್ಕಿಯೊಳಗೇ ಹುಗಿದುಹೋದಳು. ನಿಮ್ಮ ಅಪ್ಪಂದಿರಿಗೂ ಆ ಹೆಸರು ಗೊತ್ತಿಲ್ಲ. ಯಾರೂ ಇಲ್ಲದಾಗ ನಿಮ್ಮ ಅಜ್ಜ ಮಾತ್ರ ಹಾಗೆ ಕರೆಯುತ್ತಿದ್ದರು, ಅವರು ಹೋಗಿದ್ದು ಸಾಕ್ಷಿ ಹುಟ್ಟುವ ಮೊದಲು. ಇದನ್ನು ನಿಮಗೆ ಬರೆಯಲೂ ನನಗೆ ನಾಚಿಕೆ.

ನಾನು ಹೆದರಿದ್ದು ಮಗುವಿಗಾಗಿ. ಮೊದಲ ಕೂಗಿಗೇ ಓಗೊಟ್ಟಿದ್ದಾಳೆ. ಇನ್ನು ಅದು ಅವಳನ್ನು ಬಿಡುತ್ತದೆಯೇ?

ಮರುದಿನ ಸಂಜೆ ಬಾಗಿಲು ಹಾಕಿ, ಅವಳನ್ನು ಒತ್ತಿಕೊಂಡು ಕೂತೆ. ರೈಲಿನ ಸದ್ದು ಬಂತು, ಕಬ್ಬಿನೊಳಗೆ ಇಳಿಯಿತು. ಅದರ ಹಿಂದೆಯೇ, ಬೀಡಿ ಸೇದಿ ಒರಟಾದ ಆ ದನಿಯಲ್ಲಿ, "ಶೇವಂತೀ." ಈ ಸಲ ನನಗೂ ಕೇಳಿತು. ಸಾಕ್ಷಿಯ ಹೆಸರಿರಲಿಲ್ಲ, ನನ್ನದೊಂದೇ. ಇನ್ನೊಮ್ಮೆ, ಅಂಗಳದಲ್ಲೆಂಬಂತೆ, "ಶೇವಂತೀ." ಸಾಕ್ಷಿ ಬಾಯಿ ತೆರೆದಳು, ನಾನು ಅಂಗೈಯಿಂದ ಮುಚ್ಚಿದೆ.

ಮೂರನೆಯದಕ್ಕೆ ಕಾದೆ. ಬರಲಿಲ್ಲ.

ಅತ್ತೆಯ ಮಾತಿನಂತೆ ನಾನು ನಿಟ್ಟುಸಿರು ಬಿಡಬೇಕಾಗಿತ್ತು: ಅದು ಮನುಷ್ಯನದಲ್ಲ, ಹೋಯಿತು. ಆದರೆ ನೆನಪಾಯಿತು. ಬದುಕಿದ್ದಾಗಲೂ ನಿಮ್ಮ ಅಜ್ಜ ಎಂದೂ ಮೂರನೆಯ ಸಲ ಕರೆದವರಲ್ಲ. ಎರಡು ಸಲ ಕರೆದು, ನಾನು ಓ ಅನ್ನದಿದ್ದರೆ, ತಾವೇ ಒಳಗೆ ಬಂದುಬಿಡುತ್ತಿದ್ದರು.

ಸಾಕ್ಷಿ ನನ್ನ ಕೈ ಸರಿಸಿ ಮುಚ್ಚಿದ ಬಾಗಿಲ ಕಡೆ ನೋಡಿದಳು. ಆಮೇಲೆ, ಅಕ್ಕೋರು ಕಲಿಸಿದ ಹಾಗೆಯೇ, ಸಾಲು ಕೆಡದಂತೆ ಒಂದಿಷ್ಟು ಪಕ್ಕಕ್ಕೆ ಸರಿದಳು.

"ಅತ್ತಾಗ ಸರಿ, ಆಯಿ," ಅಂದಳು. "ಜಾಗಾ ಬಿಡ."

ನಾನೂ ಸರಿದೆ. ಈಗ ಸಂಜೆ ತಟ್ಟನ್ನು ಮಡಚುವುದಿಲ್ಲ, ಪೂರ್ತಿ ಬಿಚ್ಚಿಯೇ ಹಾಸುತ್ತೇನೆ.