ಚಪ್ಪಾಳೆಗೆ ಹೆದರಿದ ಸಂಜೆ

ಆಂಟಿಯ ಬಲಗೈಯ ಕಿರುಬೆರಳು ಉಳಿದ ಬೆರಳುಗಳಿಂದ ದೂರ ಸರಿದು, ಮುನಿಸಿಕೊಂಡ ಮಗುವಿನ ಹಾಗೆ ಒಂಟಿಯಾಗಿ ನಿಂತಿರುತ್ತಿತ್ತು. ಪಿಯಾನೋದ ದೂರದ ಕೀಗಳಿಗೆ ಚಾಚಿ ಚಾಚಿ ಅದು ಹಾಗಾಗಿತ್ತು. ಕೈಗೆ ಬಳೆಯಿಲ್ಲ, ಉಂಗುರವಿಲ್ಲ. ತರಕಾರಿ ಚೀಲ ಎತ್ತಿದ್ದನ್ನಂತೂ ನಾನು ನೋಡಿಯೇ ಇಲ್ಲ. "ಭಯ್ಯಾ, ಊಪರ್ ಲೇ ಆನಾ" ಎಂದು, ಮೇಲಕ್ಕೆ ತರಲು ಗಾಡಿಯವನಿಗೆ ಹೇಳಿ ಕೈಬೀಸಿಕೊಂಡು ಹೊರಟುಬಿಡುತ್ತಿದ್ದರು. ಅಬ್ಬಾ, ಎಂಥ ದೌಲತ್ತು ಎಂದು ಮೊದಮೊದಲು ನಾನು ಉರಿದುಕೊಂಡದ್ದುಂಟು. ಆ ಬೆರಳುಗಳಿಗೆ ನೋವಾದರೆ ಅವರ ಬದುಕೇ ನಿಲ್ಲುತ್ತದೆಂದು ಆಗ ಗೊತ್ತಿರಲಿಲ್ಲ.

ದೆಹಲಿಯ ದ್ವಾರಕಾದ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಅವರದು ನಮ್ಮ ನೆತ್ತಿಯ ಮೇಲಿನ ಮನೆ. ಮಂಗಳೂರಿನವರು. ಕಾನ್ವೆಂಟಿನ ಸಿಸ್ಟರುಗಳ ಹತ್ತಿರ ಕಲಿತು, ಮದುವೆಯಾಗಿ ದೆಹಲಿಗೆ ಬಂದು, ಇಲ್ಲಿಂದ ವಿಯೆನ್ನಾದವರೆಗೂ ಹೋಗಿ ತುಂಬಿದ ಸಭೆಗಳಲ್ಲಿ ಒಬ್ಬರೇ ಕೂತು ನುಡಿಸಿ ಬಂದವರು. ನಾನೋ ದಾವಣಗೆರೆಯವಳು, ಆ ಸಂಗೀತದ ಗಂಧಗಾಳಿ ಇರಲಿಲ್ಲ. ಹಾಗೆಂದು ಹೇಳಿದ್ದಕ್ಕೆ ನಕ್ಕರು.

"ಎಂಥದೂ ಗೊತ್ತಿರುವುದು ಬೇಡ ಮಾರಾಯ್ತಿ. ಕಿವಿ ಉಂಟಲ್ಲ? ಬಂದು ಕೂತ್ಕೋ."

ಕೂತೆ. ಆಮೇಲೆ ಅದೇ ಚಾಳಿಯಾಯಿತು. ಮೆಟ್ರೋ ಇಳಿದವಳು ನಮ್ಮ ಮನೆ ದಾಟಿ ನೇರ ಮೇಲಕ್ಕೇ. ಅವರ ಗಂಡ, ನಿವೃತ್ತ ಅಧಿಕಾರಿ, ಚಹಾ ತಂದುಕೊಡುತ್ತಿದ್ದರು. ಚಳಿಗಾಲದಲ್ಲಿ ಆಂಟಿ ಬಿಸಿನೀರಿನ ಪಾತ್ರೆಯಲ್ಲಿ ಕೈ ಅದ್ದಿಕೊಂಡು ಕೂತು, ಬೆರಳು ಕೆಂಪಾದ ಮೇಲೆಯೇ ಪಿಯಾನೋ ಮುಟ್ಟುತ್ತಿದ್ದರು. ವೇದಿಕೆಯ ಮೇಲೆ ಭಯವಾಗುವುದಿಲ್ಲವೇ ಎಂದು ಒಮ್ಮೆ ಕೇಳಿದೆ.

"ಆಗದೆ? ಕಾಲು ನಡುಗ್ತದೆ. ಆದರೆ ಒಳಗೆ ಹೋಗುವಾಗ ಜನ ಚಪ್ಪಾಳೆ ತಟ್ತಾರಲ್ಲ, ಅದು ಕೇಳಿದ ಕೂಡಲೇ ಕೈ ತನ್ನಷ್ಟಕ್ಕೆ ಶುರು ಮಾಡ್ತದೆ. ಮತ್ತೆ ನಾನೇ ಬೇಡ ಅದಕ್ಕೆ."

ಅವರ ಪ್ರಾಣದಂಥ ಒಂದು ಕೃತಿಯಿತ್ತು. ಅದರಲ್ಲಿ ಒಂದು ತಿರುವು ಎರಡು ಸಲ ಬರುತ್ತದೆ. ಮೊದಲ ಸಲ ಅಲ್ಲಿಂದ ಹಿಂದಕ್ಕೆ ಹೋಗಬೇಕು, ಎರಡನೆಯ ಸಲ ಮುಕ್ತಾಯಕ್ಕೆ. ಒಂದು ದೀಪಾವಳಿಯ ಹೊತ್ತಿಗೆ ಅವರು ಎರಡು ಸಲವೂ ಹಿಂದಕ್ಕೇ ಹೋಗತೊಡಗಿದರು. ಕೆಳಗೆ ನಮ್ಮ ಅಡಿಗೆಮನೆಯಲ್ಲಿ ನಿಂತರೆ ಕೇಳಿಸುತ್ತಿತ್ತು. ಸುತ್ತಿ ಸುತ್ತಿ ಅಲ್ಲಿಗೇ ಬರುವರು, ಸ್ವಂತ ಮನೆಯಲ್ಲಿ ಬಾಗಿಲು ಹುಡುಕುವವರ ಹಾಗೆ. ಕೊನೆಗೆ ಪಿಯಾನೋದ ಮುಚ್ಚಳ ಧಡಾರನೆ ಬೀಳುವುದು. ಮರೆವಿನ ಕಾಯಿಲೆ ಎಂದರು ಡಾಕ್ಟರು. ಆಂಟಿ ಅತ್ತದ್ದು ಕಾಯಿಲೆಗಲ್ಲ.

"ಇದನ್ನೊಂದು ಸಲ ಜನರೆದುರು ಕೊನೆ ಮುಟ್ಟಿಸಬೇಕು. ಅರ್ಧದಲ್ಲಿ ಕಳೆದುಹೋದಳು ಅಂತ ಆಗಬಾರದು ನನ್ನದು" ಎಂದು ನನ್ನ ಮೊಣಕೈ ಹಿಡಿದುಕೊಂಡರು.

ಆಂಟಿಯ ಹತ್ತಿರ ಪಿಯಾನೋ ಕಲಿತ ಹಳೆಯ ಶಿಷ್ಯರನ್ನೆಲ್ಲ ಅಂಕಲ್ ಒಂದು ಭಾನುವಾರ ಸಂಜೆ ಮನೆಗೇ ಕರೆದರು. ಸೋಫಾ ಗೋಡೆಗೆ ಸರಿಸಿ, ಸೊಸೈಟಿಯ ಪ್ಲಾಸ್ಟಿಕ್ ಕುರ್ಚಿ ಹಾಕಿದೆವು. ಆಂಟಿ ನೀಲಿ ರೇಷ್ಮೆ ಸೀರೆಯುಟ್ಟು ಕೋಣೆಯಿಂದ ಬಂದರು. ಚಪ್ಪಾಳೆ ತಟ್ಟಿದೆವು. ಬಾಗಿ ವಂದಿಸಿ ಕೂತು ನುಡಿಸಿದರು. ಎರಡನೆಯ ಸಲ ಆ ತಿರುವು ಬಂದಾಗ ಅಂಕಲ್ ಕಣ್ಣು ಮುಚ್ಚಿಕೊಂಡರು. ಕೈ ದಾರಿ ತಪ್ಪಲಿಲ್ಲ. ಮುಗಿಸಿಬಿಟ್ಟರು! ಅಂಗೈ ಉರಿಯುವಷ್ಟು ತಟ್ಟಿದೆವು.

ಆಂಟಿ ಎದ್ದರು, ವಂದಿಸಿದರು, ಮತ್ತೆ ಕೂತು ಮೊದಲಿನಿಂದ ಶುರುಮಾಡಿದರು.

ಖುಷಿಗೆ ಇನ್ನೊಮ್ಮೆ ನುಡಿಸುತ್ತಿದ್ದಾರೆ ಎಂದುಕೊಂಡೆವು. ಅದೂ ಮುಗಿಯಿತು. ತಟ್ಟಿದೆವು. ಎದ್ದವರು ಆಗಷ್ಟೇ ಬಂದ ಅತಿಥಿಗಳನ್ನು ನೋಡುವಂತೆ ನಮ್ಮನ್ನು ನೋಡಿ, ವಂದಿಸಿ, ಮತ್ತೆ ಕೂತರು. ನನಗೆ ಆಗ ಹೊಳೆಯಿತು. ಅವರ ಪಾಲಿಗೆ ನಮ್ಮ ಒಂದೊಂದು ಚಪ್ಪಾಳೆಯೂ ವೇದಿಕೆಗೆ ಕರೆಯುವ ಚಪ್ಪಾಳೆ. ಮುಗಿಸಿದ್ದು ತಲೆಯಲ್ಲಿ ನಿಲ್ಲುತ್ತಲೇ ಇಲ್ಲ. ಮೂರನೆಯ ಸಲ ನುಡಿಸುವಾಗ ಆ ಚಳಿಯಲ್ಲೂ ರವಿಕೆ ಬೆನ್ನಿಗಂಟಿತ್ತು, ಭುಜ ನಡುಗುತ್ತಿತ್ತು. ಅಂಕಲ್ ನಮ್ಮ ಕಡೆ ತಿರುಗಿ, ತಟ್ಟಬೇಡಿ ಎಂದು ಎರಡೂ ಕೈ ಆಡಿಸಿದರು.

ಕೊನೆಯ ಸ್ವರ ನಿಂತಿತು. ನಾವು ಕೈ ಬಿಗಿಹಿಡಿದು ಕೂತಿದ್ದೆವು. ಪಕ್ಕದ ಮನೆಯ ಕುಕ್ಕರ್ ಕೂಗಿತು. ಆಂಟಿ ಕಾದರು. ಆಮೇಲೆ ಮೆಲ್ಲಗೆ ನನ್ನ ಕಡೆ ತಿರುಗಿದರು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಎಂಥ ಆಯ್ತು? ತಪ್ಪಿದೆನಾ?"

"ಇಲ್ಲ ಆಂಟಿ, ಮುಗೀತು. ತುಂಬಾ ಚೆನ್ನಾಗಿ ಬಂತು."

"ಮತ್ತೆ ಯಾರೂ ಯಾಕೆ ಚಪ್ಪಾಳೆ ತಟ್ಟಲಿಲ್ಲ?"

ಅಂಕಲ್ ಎದ್ದು ಆಂಟಿಯ ಎರಡೂ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಬಾಗಿಲ ಹತ್ತಿರ ಆಂಟಿ ಅವರನ್ನೂ ಅದನ್ನೇ ಕೇಳಿದ್ದು ನಮಗೆಲ್ಲ ಕೇಳಿಸಿತು.

ಅವರು ಮತ್ತೆ ಪಿಯಾನೋ ಮುಟ್ಟಲಿಲ್ಲ. ಬಿಸಿಗಾಳಿ ಶುರುವಾಗುವ ಹೊತ್ತಿಗೆ ತೀರಿಕೊಂಡರು.

ಸ್ಮಶಾನದಲ್ಲಿ ಫಾದರ್ ಪ್ರಾರ್ಥನೆ ಮುಗಿಸಿದರು. ನಾವೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿದೆವು. ಅಂಕಲ್ ಕೈಯ ಮಣ್ಣು ಕೊಡವಿಕೊಂಡು ನನ್ನ ಕಡೆ ತಿರುಗಿ, "ಇನ್ನು ತಟ್ಟಬಹುದಮ್ಮಾ" ಎಂದರು.

ತಟ್ಟಿದೆವು. ಆ ಸಂಜೆ ತಡೆಹಿಡಿದದ್ದನ್ನೆಲ್ಲ ಅಳುತ್ತಲೇ ತಟ್ಟಿ ಮುಗಿಸಿದೆವು. ಚಪ್ಪಾಳೆ ನಿಂತ ಮೇಲೂ ಯಾರೊಬ್ಬರೂ ಕದಲಲಿಲ್ಲ. ಎಲ್ಲರೂ ಮೊದಲ ಸ್ವರಕ್ಕೆ ಕಿವಿಗೊಟ್ಟು ನಿಂತಿದ್ದೆವು.