ಗೋಡೆ ಹತ್ತುವ ಕೈ
ಪಾರ್ಶ್ವವಾಯು ಬಡಿದು ಬಲಗೈ ಸೋತ ಮೇಲೆ ಮುದುಕ ಕ್ಷೌರಿಕನ ಬಾಯಿಗೆ ಬೀಗವೇ ಇಲ್ಲ. ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲಗೆ ನಡೆಸಿ ನಿನ್ನೆ ಎಳೆದ ಪೆನ್ಸಿಲ್ ಗೆರೆ ಮುಟ್ಟಿಸಿ ಎಂದು ವ್ಯಾಯಾಮ ಮಾಡಿಸಲು ಬರುವ ಹುಡುಗಿ ಹೇಳಿದರೆ ಸಾಕು, "ಗೋಡೆ ಹತ್ತೋಕೆ ನಾನೇನು ಹಲ್ಲೀನಾ?" ಎಂದು ಹರಿಹಾಯುತ್ತಾನೆ. ಭುಜ ತಿರುಗಿಸಿ ಎಂದರೆ ಹೆಂಡತಿಯನ್ನು ಬೈಯುತ್ತಾನೆ, ಕೈ ಚಾಚಿ ಎಂದರೆ ಕುರ್ಚಿಯನ್ನು. "ಹತ್ತು ಸಲ ಅಂದೆ, ತಾತ." "ಆಯ್ತಲ್ಲ." "ನಾಲ್ಕಾದ್ಮೇಲೆ ಒಂಬತ್ತು ಅಂದ್ರಿ." "ನನ್ನ ಕೈ, ನನ್ನ ಲೆಕ್ಕ." ಹುಡುಗಿ ಹೊರಟದ್ದೇ ತಡ, ಬೈಯುತ್ತಲೇ ಮತ್ತೆ ಗೋಡೆಗೆ ಬೆರಳು ಹಚ್ಚುತ್ತಾನೆ, ನಿನ್ನೆಯ ಗೆರೆ ದಾಟದಿದ್ದರೆ ಆ ಕೈಗೆ ಎಡಗೈಯಿಂದ ಏಟು. ಅವನ ಹಿಂದೆಯೇ ಸ್ಟೂಲಿನ ಮೇಲೆ ಬುದ್ಧಿ ಬೆಳೆಯದ ಅಣ್ಣ ಕೂತಿರುತ್ತಾನೆ. ತಲೆ ಮುಟ್ಟಲು ತಮ್ಮನ ಹೊರತು ಬೇರೆ ಯಾರನ್ನೂ ಬಿಡದೆ, ಕಿವಿ ಮುಚ್ಚುವಷ್ಟು ಕೂದಲು ಬೆಳೆಸಿಕೊಂಡು, ದಿನಾ ಬೆಳಿಗ್ಗೆ ಕೊರಳಿಗೆ ತಾನೇ ಟವೆಲ್ ಸುತ್ತಿಕೊಂಡು, ತಲೆ ಬಗ್ಗಿಸಿ ಕಾಯುತ್ತಾನೆ.