ಕರಾಮದ ಗಲ್ಲಿಯಲ್ಲಿ ಕೇಳಿದ ಜಪಮಾಲೆ

ದೆವ್ವ, ಪವಾಡ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುವವಳು ನಾನು. ಉಡುಪಿ ಕಡೆಯ ಕೊಂಕಣಿ ಕ್ರೈಸ್ತರ ಮನೆಯಲ್ಲಿ ಹುಟ್ಟಿಯೂ, ಸಂಜೆ ಮನೆಯವರೆಲ್ಲ ಕೂತು ಹೇಳುವ ಜಪಮಾಲೆಯ ಪ್ರಾರ್ಥನೆಗೆ ತಲೆನೋವಿನ ನೆಪ ಹೇಳುತ್ತಿದ್ದೆ. ಹಾಗಾಗಿ ಇದನ್ನು ಬರೆಯಲು ನನಗೇ ನಾಚಿಕೆ. ನೀವು ನಂಬಲೇಬೇಕೆಂಬ ಹಟವೂ ಇಲ್ಲ.

ಕೆಲವು ವರ್ಷಗಳ ಹಿಂದೆ ದುಬೈಯ ಹೋಟೆಲೊಂದರ ಬಾರಿನಲ್ಲಿ ನಾನು ರಾತ್ರಿ ಪಾಳಿಯ ಸೂಪರ್‌ವೈಸರ್. ಒಂದು ರಾತ್ರಿ ಖಾಯಂ ಗಿರಾಕಿಯೊಬ್ಬ ನಮ್ಮ ಫಿಲಿಪಿನೋ ವೇಟ್ರೆಸ್ಸಿನ ಕೈ ತಿರುಚಿದ. ಸೆಕ್ಯುರಿಟಿಯವರನ್ನು ಕರೆದು ಅವನನ್ನು ಹೊರಗೆ ಹಾಕಿಸಿದೆ. ಹೊರಗೆ ಸಿಗು, ನೋಡಿಕೊಳ್ಳುತ್ತೇನೆ ಎಂದು ನನಗೆ ಬೆರಳು ತೋರಿಸಿ ಹೋದ. ಮ್ಯಾನೇಜರ್ ನಮ್ಮೂರ ಕಡೆಯವರೇ. "ದೊಡ್ಡ ಕಸ್ಟಮರ್ ಮಾರಾಯ್ತಿ. ನಾಳೆ ಫೋನ್ ಮಾಡಿ ಸಾರಿ ಹೇಳಿಬಿಡು, ಖಲಾಸ್. ಇವತ್ತು ಹೋಟೆಲ್ ವ್ಯಾನಲ್ಲಿ ಹೋಗು" ಎಂದರು.

"ಸಾರಿ ಅವ ಹೇಳ್ಬೇಕು ಸರ್. ನಾನು ನಡ್ಕೊಂಡೇ ಹೋಗ್ತೇನೆ" ಎಂದೆ. ವ್ಯಾನ್ ಹತ್ತಿದ್ದರೆ ಹೆದರಿದ ಹಾಗಾಗುತ್ತಿತ್ತು. ಸಿಟ್ಟು ನೆತ್ತಿಗೇರಿದಾಗ ಬುದ್ಧಿ ಎಲ್ಲಿರುತ್ತದೆ?

ಹತ್ತಿರದ ಕರಾಮ ಬಡಾವಣೆಯಲ್ಲಿ ನಾವು ನಾಲ್ವರು ಹೆಂಗಸರು ಹಂಚಿಕೊಂಡಿದ್ದ ಫ್ಲಾಟಿಗೆ ಹತ್ತು ನಿಮಿಷದ ದಾರಿ. ಹಳೆಯ ಕಟ್ಟಡಗಳ ಹಿಂದಿನ ಗಲ್ಲಿಗೆ ತಿರುಗಿದಾಗ ಬಾಟಲಿ ಒಡೆದ ಸದ್ದು ಕೇಳಿತು. ನೋಡಿದರೆ ಅವನೇ. ಒಡೆದ ಬಾಟಲಿಯ ಕುತ್ತಿಗೆ ಅವನ ಕೈಯಲ್ಲಿತ್ತು. ಕಿರುಚಲು ಬಾಯಿ ತೆರೆದೆ, ಸ್ವರ ಬರಲಿಲ್ಲ.

ಆಗ ಪಕ್ಕದ ನೆಲಮಹಡಿಯ ಕಿಟಕಿಯಿಂದ ಕೊಂಕಣಿಯಲ್ಲಿ ಜಪಮಾಲೆ ಕೇಳಿಸಿತು. ಪರದೆಯ ಹಿಂದೆ ಟ್ಯೂಬ್‌ಲೈಟು, ನಾಲ್ಕೈದು ಹೆಂಗಸರ ಸ್ವರ. ರಾತ್ರಿ ಎರಡು ಗಂಟೆಗೆ ಜಪವೇ ಎಂದು ನನಗೆ ಅನಿಸಲೇ ಇಲ್ಲ. ಇಲ್ಲಿ ಆಸ್ಪತ್ರೆ, ಹೋಟೆಲುಗಳಲ್ಲಿ ದುಡಿಯುವ ನಮ್ಮವರು ಡ್ಯೂಟಿ ಮುಗಿದ ಹೊತ್ತಿಗೆ ಜಪಕ್ಕೆ ಕೂರುತ್ತಾರೆ. ಒಬ್ಬಳು ಪ್ರಾರ್ಥನೆಯ ಮೊದಲರ್ಧ ಹೇಳಿ ನಿಲ್ಲಿಸಿದಳು. ಉಳಿದರ್ಧವನ್ನು ಎಲ್ಲರೂ ಸೇರಿ ಹೇಳುವುದು ಕ್ರಮ. ಕಿಟಕಿಗೆ ಬೆನ್ನು ಕೊಟ್ಟು, ಅವನ ಮುಖವನ್ನೇ ನೋಡುತ್ತಾ, ನಾನೂ ಗಟ್ಟಿಯಾಗಿ ಹೇಳಿದೆ. ಸ್ವರ ಬಂತು. ಬೆನ್ನ ಹಿಂದೆ ಅವರ ಸ್ವರವೂ ಏರಿತು.

ಅವನು ನಾಲ್ಕು ಹೆಜ್ಜೆ ದೂರದಲ್ಲಿ ನಿಂತ. ನನ್ನ ಭುಜದಾಚೆ ಏನನ್ನೋ ನೋಡಿದ. ಮುಖ ಬಿಳಿಚಿಕೊಂಡಿತು. ಬಾಟಲಿ ಬಿಸಾಡಿ ಓಡಿದ. ನಾನು ತಿರುಗುವಷ್ಟರಲ್ಲಿ ಬೆಳಕು ಆರಿತ್ತು. ಜಪ ಮುಗಿಯಿತೆಂದುಕೊಂಡು ಮನೆಗೆ ಹೋದೆ.

ಮರುದಿನ ಪೊಲೀಸರಿಗೆ ದೂರು ಕೊಟ್ಟೆ. ಬಾಟಲಿಯ ವಿಷಯ ಹೇಳಿದೆ, ಜಪದ ವಿಷಯ ನುಂಗಿಕೊಂಡೆ. ಆಮೇಲೆ ಹಲ್ವದ ಪೊಟ್ಟಣ ಹಿಡಿದು ಆ ಹೆಂಗಸರಿಗೆ ಥ್ಯಾಂಕ್ಸ್ ಹೇಳಲು ಹೋದೆ. ಗಾಜಿನ ಚೂರುಗಳು ಅಲ್ಲೇ ಬಿದ್ದಿದ್ದವು. ಅವುಗಳೆದುರು ಬರೀ ಗೋಡೆ. ಕಿಟಕಿಯೇ ಇರಲಿಲ್ಲ. ಅದು ನೀರಿನ ಪಂಪಿನ ಕೋಣೆ, ಅಲ್ಲಿ ಯಾರೂ ವಾಸವಿಲ್ಲ ಎಂದು ಕಟ್ಟಡದ ವಾಚ್‌ಮನ್ ಹೇಳಿದ. ಹಲ್ವ ಅವನಿಗೇ ಕೊಟ್ಟು ಬಂದೆ.

ಹೆದರಿಕೆಯಲ್ಲಿ ನನ್ನ ಕಿವಿಗೆ ಏನೇನೋ ಕೇಳಿಸಿರಬಹುದು, ಒಪ್ಪುತ್ತೇನೆ. ಆದರೆ ಅವನು ಏನನ್ನು ನೋಡಿ ಓಡಿದ?

ಸಾರಿ ನಾನು ಹೇಳಲಿಲ್ಲ. ಪಾಳಿ ಬಿಡಲಿಲ್ಲ, ದಾರಿಯನ್ನೂ ಬದಲಿಸಲಿಲ್ಲ. ಈಗಲೂ ಡ್ಯೂಟಿ ಮುಗಿಸಿ ಅದೇ ಗಲ್ಲಿಯಲ್ಲಿ ಬರುತ್ತೇನೆ. ಆ ಗೋಡೆಯೆದುರು ನಿಂತು ಪ್ರಾರ್ಥನೆಯ ಮೊದಲರ್ಧ ಹೇಳಿ ಕಾಯುತ್ತೇನೆ. ಒಳಗಿನಿಂದ ಯಾರೂ ಓಗೊಡುವುದಿಲ್ಲ. ಉಳಿದರ್ಧವನ್ನೂ ನಾನೇ ಗಟ್ಟಿಯಾಗಿ ಹೇಳಿ, ನಿಧಾನವಾಗಿ ಮನೆಗೆ ನಡೆಯುತ್ತೇನೆ.